ಅರ್ಧದಲ್ಲೇ ನಿಲ್ಲುವ ಕ್ರಿಯೆಗಳ ಲೆಕ್ಕ

1799ರ ಜನವರಿ. ಈಜಿಪ್ಟಿನ ಮೇಲೆ ದಂಡೆತ್ತಿ ಹೋಗಿದ್ದ ನೆಪೋಲಿಯನ್ನನ ಸೇನೆಯ ಒಂದು ತುಕಡಿ ನೈಲ್ ನದಿಯ ಪಶ್ಚಿಮಕ್ಕಿರುವ ಮರುಭೂಮಿಯ ತಗ್ಗೊಂದರ ಕಡೆಗೆ ಹೊರಟಿತು. ವಾಡಿ ನತ್ರೂನ್ ಎಂಬ ಆ ತಗ್ಗಿನಲ್ಲಿ ಸಾಲಾಗಿ ಉಪ್ಪುನೀರಿನ ಕೆರೆಗಳಿವೆ. ಪುರಾತನ ಈಜಿಪ್ಟಿನವರು ಹೆಣಗಳನ್ನು ಮಮ್ಮಿ ಮಾಡಿ ಕೆಡದಂತೆ ಇಡಲು ಬಳಸುತ್ತಿದ್ದ ‘ನೇಟ್ರಾನ್’ ಎಂಬ ಸೋಡಾ ಸಿಗುತ್ತಿದ್ದುದು ಇಲ್ಲಿಯೇ. ತುಕಡಿಯಲ್ಲಿ ಸೈನಿಕರ ಜತೆಗೆ ಐವತ್ತು ವರ್ಷದ ಒಬ್ಬ ರಸಾಯನ ವಿಜ್ಞಾನಿಯೂ ಇದ್ದ. ಹೆಸರು ಕ್ಲಾಡ್ ಲೂಯಿ ಬರ್ತೊಲೆ. ಕ್ಲೋರಿನ್ ಬಳಸಿ ಬಟ್ಟೆ ಬಿಳುಪು ಮಾಡುವ ವಿಧಾನ ಕಂಡುಹಿಡಿದು ಅದಾಗಲೇ ಹೆಸರು ಮಾಡಿದ್ದವನು.

ಕೆರೆಯ ಅಂಚಿನಲ್ಲಿ ಬೆಳ್ಳಗೆ ಹೆಪ್ಪುಗಟ್ಟಿದ್ದ ಸೋಡಾವನ್ನು ಕಂಡು ಬರ್ತೊಲೆ ಯೋಚನೆಗೆ ಬಿದ್ದ. ನಮ್ಮ ಕಡೆ ಅಗಸರು ಬಟ್ಟೆ ಒಗೆಯಲು ಬಳಸುತ್ತಿದ್ದ ಚೌಳು ಮಣ್ಣನ್ನು ನೋಡಿದವರಿಗೆ ಆ ದೃಶ್ಯ ಊಹಿಸುವುದು ಕಷ್ಟವಲ್ಲ. ನೀರಿನಲ್ಲಿ ಉಪ್ಪು ಇತ್ತು, ತಳದಲ್ಲಿ ಸುಣ್ಣಕಲ್ಲು ಇತ್ತು. ಇವೆರಡೂ ಸೇರಿ ಸೋಡಾ ಆಗಿರಬೇಕು ಎಂದು ಅವನಿಗೆ ತೋಚಿತು. ಆದರೆ ಪ್ಯಾರಿಸ್ಸಿನ ಪ್ರಯೋಗಶಾಲೆಯಲ್ಲಿ ನಡೆಯುತ್ತಿದ್ದುದು ಇದಕ್ಕೆ ತದ್ವಿರುದ್ಧ. ಅಲ್ಲಿ ಸೋಡಾ ದ್ರಾವಣಕ್ಕೆ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಿದರೆ ಸುಣ್ಣಕಲ್ಲಿನ ಪುಡಿ ತಳಕ್ಕೆ ಇಳಿಯುತ್ತಿತ್ತು, ಮೇಲಿನ ನೀರಿನಲ್ಲಿ ಉಪ್ಪು ಉಳಿಯುತ್ತಿತ್ತು. ಪ್ರಯೋಗಶಾಲೆಯಲ್ಲಿ ಎಡದಿಂದ ಬಲಕ್ಕೆ ನಡೆಯುವ ಕ್ರಿಯೆ ಮರುಭೂಮಿಯಲ್ಲಿ ಬಲದಿಂದ ಎಡಕ್ಕೆ ನಡೆಯುತ್ತಿದೆಯೇ?

ಹೌದು ಎಂಬುದು ಬರ್ತೊಲೆಯ ಉತ್ತರ. ಕಾರಣ, ಪ್ರಮಾಣ. ಕೆರೆಯಲ್ಲಿ ಉಪ್ಪು ಮತ್ತು ಸುಣ್ಣಕಲ್ಲು ಲೆಕ್ಕವಿಲ್ಲದಷ್ಟು ಇವೆ. ಹುಟ್ಟಿದ ಸೋಡಾ ಅಂಚಿನಲ್ಲಿ ಹೆಪ್ಪುಗಟ್ಟಿ ನೀರಿನಿಂದ ಹೊರಗಾಗುತ್ತದೆ. ಒಂದು ಕಡೆ ರಾಶಿ, ಇನ್ನೊಂದು ಕಡೆ ಖಾಲಿ ಆದಾಗ ಕ್ರಿಯೆ ತಿರುಗಿ ಬೀಳುತ್ತದೆ. (ಈ ಕೆರೆಗಳ ಸೋಡಾಕ್ಕೆ ಸಲ್ಫೇಟನ್ನು ಒಡೆಯುವ ಬ್ಯಾಕ್ಟೀರಿಯಾಗಳೂ ಕಾರಣ ಎಂದು ನಂತರದವರು ತೋರಿಸಿದ್ದಾರೆ. ಬರ್ತೊಲೆಯ ಉದಾಹರಣೆ ಪೂರ್ತಿ ಸರಿಯಲ್ಲದಿದ್ದರೂ ಅದರಿಂದ ಅವನು ಹೆಕ್ಕಿ ತೆಗೆದ ಮಾತು ಮಾತ್ರ ಗಟ್ಟಿಯಾಗಿತ್ತು.) ಅದೇ ವರ್ಷ ಕೈರೋದಲ್ಲಿ ಫ್ರೆಂಚರು ಸ್ಥಾಪಿಸಿದ್ದ ವಿದ್ವತ್ಸಂಸ್ಥೆಯಲ್ಲಿ ಅವನು ಈ ಕುರಿತು ಪ್ರಬಂಧ ಓದಿದ. 1803ರಲ್ಲಿ ಅದನ್ನು ದೊಡ್ಡ ಗ್ರಂಥವಾಗಿ ಬೆಳೆಸಿದ.

ಇಂದು ಪಿಯುಸಿ ವಿಜ್ಞಾನದ ಹುಡುಗ ಹುಡುಗಿಯರು ಪರೀಕ್ಷೆಯ ಹಿಂದಿನ ರಾತ್ರಿ ಉರು ಹೊಡೆಯುವ ‘ಸಮತೋಲನ ಸ್ಥಿರಾಂಕ’ದ ಕತೆ ಶುರುವಾಗುವುದು ಇಲ್ಲಿಂದ. ಈ ಲೇಖಕನೂ ಅದನ್ನು ಉರು ಹೊಡೆದವನೇ. ಮೇಲೊಂದಿಷ್ಟು ಅಕ್ಷರ, ಕೆಳಗೊಂದಿಷ್ಟು ಅಕ್ಷರ, ನಡುವೆ ಒಂದು ಗೆರೆ. ಆ ಗೆರೆಯ ಹಿಂದೆ ಯುದ್ಧ, ಬೀಗತನ, ಯಾರೂ ಓದದ ಪ್ರಬಂಧಗಳು, ಕೊನೆಗೊಂದು ಆಸ್ಪತ್ರೆ ಇವೆ ಎಂದು ಆಗ ಯಾರೂ ಹೇಳಿರಲಿಲ್ಲ.

ಒಲವಿನ ಪಟ್ಟಿ

ಬರ್ತೊಲೆಗಿಂತ ಮೊದಲು ರಸಾಯನ ವಿಜ್ಞಾನಿಗಳ ನಂಬಿಕೆ ಬೇರೆಯೇ ಇತ್ತು. 1718ರಲ್ಲಿ ಫ್ರಾನ್ಸಿನ ಜೆಫ್ರಾ ಎಂಬಾತ ವಸ್ತುಗಳ ‘ಒಲವಿನ ಪಟ್ಟಿ’ಯೊಂದನ್ನು ತಯಾರಿಸಿದ್ದ. ಯಾವ ವಸ್ತುವಿಗೆ ಯಾವುದರ ಮೇಲೆ ಹೆಚ್ಚು ಒಲವು, ಯಾವುದರ ಮೇಲೆ ಕಡಿಮೆ ಎಂಬ ಸಾಲು ಅದು. ಹೆಚ್ಚು ಒಲವಿನವನು ಬಂದರೆ ಕಡಿಮೆ ಒಲವಿನವನು ಜಾಗ ಬಿಟ್ಟು ಹೋಗಬೇಕು. ನಿಶ್ಚಿತಾರ್ಥವಾದ ಮೇಲೂ ಇನ್ನೂ ಒಳ್ಳೆಯ ವರ ಸಿಕ್ಕಿದರೆ ಸಂಬಂಧ ಮುರಿಯುವ ಹಾಗೆ. 1775ರಲ್ಲಿ ಸ್ವೀಡನ್ನಿನ ಬರ್ಗ್‌ಮನ್ ಈ ಪಟ್ಟಿಯನ್ನು ಇನ್ನಷ್ಟು ಉದ್ದ ಮಾಡಿದ. ಜರ್ಮನ್ ಕವಿ ಗಯಟೆಗೆ ಈ ಕಲ್ಪನೆ ಎಷ್ಟು ಹಿಡಿಸಿತೆಂದರೆ 1809ರಲ್ಲಿ ಅದೇ ಪದವನ್ನು ಶೀರ್ಷಿಕೆಯಾಗಿಟ್ಟು ಒಂದು ಕಾದಂಬರಿಯನ್ನೇ ಬರೆದ.

ಈ ಪಟ್ಟಿಯ ಪ್ರಕಾರ ಪ್ರತಿ ಕ್ರಿಯೆಗೂ ಒಂದೇ ದಿಕ್ಕು. ಶುರುವಾದರೆ ಮುಗಿಯಲೇಬೇಕು. ಅರ್ಧದಲ್ಲಿ ನಿಂತರೆ ಪ್ರಯೋಗ ಮಾಡಿದವನ ಕೈ ಕೆಟ್ಟದು ಎಂದು ಅರ್ಥ! ಬರ್ತೊಲೆ ಹೇಳಿದ್ದು, ಕೆಟ್ಟಿರುವುದು ಕೈ ಅಲ್ಲ, ಪಟ್ಟಿ. ಒಲವಿನಷ್ಟೇ ಪ್ರಮಾಣವೂ ಮುಖ್ಯ.

ಅವನ ಮಾತು ಅಲ್ಲಿಯೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಬರ್ತೊಲೆ ಒಂದು ಹೆಜ್ಜೆ ಮುಂದೆ ಹೋಗಿ, ಪ್ರಮಾಣ ಬದಲಾದರೆ ಹುಟ್ಟುವ ಸಂಯುಕ್ತದ ಸಂಯೋಜನೆಯೇ ಬದಲಾಗುತ್ತದೆ ಎಂದುಬಿಟ್ಟ. ಸ್ಪೇನಿನಲ್ಲಿ ಕೆಲಸ ಮಾಡುತ್ತಿದ್ದ ಪ್ರೂಸ್ತ್ ಇದನ್ನು ವಿರೋಧಿಸಿದ. ಒಂದು ಸಂಯುಕ್ತ ಎಲ್ಲಿಂದ ಬಂದರೂ, ಹೇಗೆ ತಯಾರಾದರೂ ಅದರಲ್ಲಿನ ಧಾತುಗಳ ತೂಕದ ಅನುಪಾತ ಒಂದೇ ಎಂಬುದು ಅವನ ವಾದ. ವರ್ಷಗಟ್ಟಲೆ ನಡೆದ ಈ ವಾದ, ಇಬ್ಬರೂ ಒಬ್ಬರನ್ನೊಬ್ಬರು ಗೌರವದಿಂದಲೇ ಎದುರಿಸಿದ ಅಪರೂಪದ ವಾದ. ಗೆದ್ದವನು ಪ್ರೂಸ್ತ್. ಬೆನ್ನಿಗೇ ಡಾಲ್ಟನ್ನನ ಪರಮಾಣು ವಾದವೂ ಬಂತು. ಬರ್ತೊಲೆಯ ತಪ್ಪಿನ ಜತೆಗೆ ಅವನ ಸರಿಯೂ ಮೂಲೆ ಸೇರಿ ಐವತ್ತು ವರ್ಷಗಳ ಕಾಲ ಅಲ್ಲೇ ಉಳಿಯಿತು.

ಮೂರರಲ್ಲಿ ಎರಡು

1850ರ ಸುಮಾರಿಗೆ ಇಂಗ್ಲೆಂಡಿನ ವಿಲಿಯಂಸನ್ ಒಂದು ಹೊಸ ಮಾತು ಹೇಳಿದ. ಅರ್ಧದಲ್ಲಿ ನಿಂತಂತೆ ಕಾಣುವ ಕ್ರಿಯೆ ನಿಜಕ್ಕೂ ನಿಂತಿರುವುದಿಲ್ಲ. ಮುಂದಕ್ಕೂ ಹಿಂದಕ್ಕೂ ಒಂದೇ ವೇಗದಲ್ಲಿ ನಡೆಯುತ್ತಿರುತ್ತದೆ ಎಂದು. ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣವನ್ನು ನೆನಪಿಸಿಕೊಳ್ಳಿ. ಮಧ್ಯಾಹ್ನ ಹನ್ನೆರಡಕ್ಕೂ ಒಂದಕ್ಕೂ ಅಲ್ಲಿನ ಜನಸಂಖ್ಯೆ ಹೆಚ್ಚುಕಡಿಮೆ ಅಷ್ಟೇ ಇರಬಹುದು. ಆದರೆ ಜನ ಅವರೇ ಅಲ್ಲ. ಎಷ್ಟು ಮಂದಿ ಬಂದು ಇಳಿದರೋ ಅಷ್ಟೇ ಮಂದಿ ಹತ್ತಿ ಹೋಗಿದ್ದಾರೆ. ರಾಸಾಯನಿಕ ಸಮತೋಲ ಎಂದರೆ ಇದೇ. ಹೀಗೆ ಎರಡೂ ಕಡೆಗೆ ನಡೆಯಬಲ್ಲ ಕ್ರಿಯೆಗೆ ಪಠ್ಯಪುಸ್ತಕದವರು ‘ಪರಾವರ್ತ ಕ್ರಿಯೆ’ ಎಂದು ಹೆಸರಿಟ್ಟಿದ್ದಾರೆ.

ಮಾತು ಚೆನ್ನಾಗಿತ್ತು, ಆದರೆ ಅಂಕಿ ಇರಲಿಲ್ಲ. ಅಂಕಿ ಕೊಟ್ಟವರು ಪ್ಯಾರಿಸ್ಸಿನ ಬರ್ತಲೊ ಮತ್ತು ಪೆಆನ್ ದ ಸ್ಯಾಂ ಝೀಲ್. (ಬರ್ತೊಲೆ ಬೇರೆ, ಬರ್ತಲೊ ಬೇರೆ. ಇಬ್ಬರ ನಡುವೆ ಅರ್ಧ ಶತಮಾನದ ಅಂತರವಿದೆ.) ಇವರು 1862ರ ಹೊತ್ತಿಗೆ ಆಯ್ದುಕೊಂಡದ್ದು ಬಹಳ ಸರಳವಾದ ಒಂದು ಜೋಡಿಯನ್ನು. ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲ ಒಂದು, ಮದ್ಯದಲ್ಲಿರುವ ಆಲ್ಕೋಹಾಲ್ ಇನ್ನೊಂದು. ಇವೆರಡೂ ಕೂಡಿದರೆ ಎಸ್ಟರ್ ಎಂಬ ಹಣ್ಣಿನ ವಾಸನೆಯ ದ್ರವ ಮತ್ತು ನೀರು ಸಿಗುತ್ತವೆ. ಎಸ್ಟರ್ ಮತ್ತು ನೀರನ್ನು ಕೂಡಿಸಿಟ್ಟರೆ ಮತ್ತೆ ಆಮ್ಲ, ಆಲ್ಕೋಹಾಲ್. ಈ ಕ್ರಿಯೆ ತೀರಾ ನಿಧಾನ. ಹಾಗೇ ಬಿಟ್ಟರೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಕಾಯಬೇಕು. ಆದ್ದರಿಂದ ಗಾಜಿನ ಕೊಳವೆಗಳ ಬಾಯಿ ಮುಚ್ಚಿ ಕಾಯಿಸಿದರು. ನಿಧಾನವಾದದ್ದೇ ಒಳ್ಳೆಯದಾಯಿತೆನ್ನಬೇಕು. ನಡುವೆ ಯಾವಾಗ ಬೇಕಾದರೂ ತಣ್ಣಗೆ ಮಾಡಿ, ಎಷ್ಟು ಆಮ್ಲ ಉಳಿದಿದೆ ಎಂದು ಅಳೆಯಬಹುದಿತ್ತು.

ಸಮ ಪ್ರಮಾಣದಲ್ಲಿ, ಎಂದರೆ ಒಂದೊಂದು ಮೋಲ್, ಆಮ್ಲ ಮತ್ತು ಆಲ್ಕೋಹಾಲ್ ಬೆರೆಸಿದಾಗ ಮೂರರಲ್ಲಿ ಎರಡು ಪಾಲು ಎಸ್ಟರ್ ಆಗಿ ಕ್ರಿಯೆ ನಿಂತಿತು. ಎಸ್ಟರ್ ಮತ್ತು ನೀರಿನಿಂದ ಹೊರಟಾಗ ಮೂರರಲ್ಲಿ ಒಂದು ಪಾಲು ಒಡೆದು ನಿಂತಿತು. ಯಾವ ಕಡೆಯಿಂದ ಬಂದರೂ ತಲುಪಿದ್ದು ಒಂದೇ ಜಾಗ. ಯಾವ ಪ್ರಮಾಣ ಬೆರೆಸಿದರೆ ಎಷ್ಟು ಎಸ್ಟರ್ ಎಂದು ಅವರು ಪಟ್ಟಿಗಳನ್ನೂ ಮಾಡಿದರು. ಆದರೆ ಆ ಪಟ್ಟಿಗಳನ್ನೆಲ್ಲ ಕಟ್ಟಿಹಾಕುವ ಒಂದೇ ಒಂದು ಸೂತ್ರ ಅವರಿಗೆ ಹೊಳೆಯಲಿಲ್ಲ. ಬಾಗಿಲ ತನಕ ಬಂದು, ಚಿಲಕ ಮುಟ್ಟದೆ ಹಿಂತಿರುಗಿದಂತಾಯಿತು.

ಚಿಲಕ ತೆಗೆದವರು ನಾರ್ವೆಯವರು. ಕ್ಯಾಟೋ ಗುಲ್ಡ್‌ಬರ್ಗ್ ಗಣಿತದವನು, ಪೀಟರ್ ವಾಗೆ ರಸಾಯನ ವಿಜ್ಞಾನದವನು. ವಿದ್ಯಾರ್ಥಿ ದೆಸೆಯಿಂದಲೂ ಗೆಳೆಯರು. ರಿಡ್ಡರ್‌ವೋಲ್ಡ್ ಎಂಬ ಮಂತ್ರಿಯ ಇಬ್ಬರು ಹೆಣ್ಣುಮಕ್ಕಳನ್ನು ಇವರಿಬ್ಬರೂ ಮದುವೆಯಾಗಿ ಷಡ್ಡಕರಾದರು. ಮೊದಲ ಹೆಂಡತಿ ತೀರಿಕೊಂಡ ಮೇಲೆ ವಾಗೆ ಮದುವೆಯಾದದ್ದು ಗುಲ್ಡ್‌ಬರ್ಗ್‌ನ ತಂಗಿಯನ್ನು. ಷಡ್ಡಕನೇ ಭಾವನೂ ಆದ! ವಿಜ್ಞಾನದ ಇತಿಹಾಸದಲ್ಲಿ ಇಷ್ಟು ಗಟ್ಟಿಯಾಗಿ ನೆಂಟಸ್ತಿಕೆ ಬೆಸೆದುಕೊಂಡ ಜೋಡಿ ಮತ್ತೊಂದು ಸಿಗಲಿಕ್ಕಿಲ್ಲ.

1864ರ ಮಾರ್ಚ್ 15ರಂದು ಕ್ರಿಸ್ಟಿಯಾನಿಯಾದ (ಇಂದಿನ ಆಸ್ಲೊ) ವಿಜ್ಞಾನ ಅಕಾಡೆಮಿಯಲ್ಲಿ ಅವರು ತಮ್ಮ ಮೊದಲ ಪ್ರಬಂಧ ಮಂಡಿಸಿದರು. ಆಗ ವಾಗೆಗೆ 30 ವರ್ಷ, ಗುಲ್ಡ್‌ಬರ್ಗ್‌ಗೆ 27. ಬರ್ತಲೊನ ಎಸ್ಟರ್ ಅಂಕಿಗಳ ಜತೆಗೆ, ಬೇರಿಯಂ ಸಲ್ಫೇಟನ್ನು ಪೊಟ್ಯಾಸಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಕುದಿಸಿ ತಾವೇ ಮಾಡಿದ ಪ್ರಯೋಗಗಳೂ ಅವರಲ್ಲಿದ್ದವು. ಅವರ ವಾದದ ತಿರುಳು ಇಷ್ಟು. ಮುಖ್ಯವಾದದ್ದು ವಸ್ತುವಿನ ಒಟ್ಟು ರಾಶಿಯಲ್ಲ. ಒಂದು ಲೀಟರಿನಲ್ಲಿ ಅದು ಎಷ್ಟಿದೆ ಎಂಬುದು, ಅಂದರೆ ಅದರ ಸಾರತೆ. ಮುಂದಕ್ಕೆ ನಡೆಯುವ ಕ್ರಿಯೆಯ ಬಲ ಅದರಲ್ಲಿ ಭಾಗವಹಿಸುವ ವಸ್ತುಗಳ ಸಾರತೆಗಳ ಗುಣಲಬ್ಧವನ್ನು ಅವಲಂಬಿಸುತ್ತದೆ. ಹಿಂದಕ್ಕೆ ನಡೆಯುವ ಕ್ರಿಯೆಗೂ ಹಾಗೆಯೇ. ಎರಡೂ ಸಮವಾದಾಗ ಸಮತೋಲ. ಮೊದಲ ಪ್ರಬಂಧದಲ್ಲಿ ಸೂತ್ರ ಸ್ವಲ್ಪ ತೊಡಕಾಗಿತ್ತು. 1867ರಲ್ಲಿ ಅದನ್ನು ತಿದ್ದಿ ನೇರ್ಪಡಿಸಿದರು. ಇದಕ್ಕೆ ‘ದ್ರವ್ಯರಾಶಿ ಕ್ರಿಯಾ ನಿಯಮ’ ಎಂಬ ಹೆಸರು ಬಂತು.

ಈ ನಿಯಮವನ್ನು ಬರ್ತಲೊನ ಎಸ್ಟರ್‌ಗೆ ಅನ್ವಯಿಸಿ ನೋಡೋಣ. ಲೆಕ್ಕವೆಂದರೆ ಹಿಂಜರಿಯುವ ಓದುಗರು ಒಂದು ಪ್ಯಾರಾ ಹಾರಿಸಬಹುದು, ಆದರೆ ಹಾರಿಸದಿದ್ದರೆ ಒಳ್ಳೆಯದು. ಏಕೆಂದರೆ ಈ ಲೇಖನದ ಜೀವ ಇರುವುದು ಇದರಲ್ಲೇ.

ಸಮತೋಲದಲ್ಲಿ ಎಸ್ಟರ್ 2/3, ನೀರು 2/3, ಉಳಿದ ಆಮ್ಲ 1/3, ಉಳಿದ ಆಲ್ಕೋಹಾಲ್ 1/3. ಹುಟ್ಟಿದವುಗಳ ಗುಣಲಬ್ಧವನ್ನು ಉಳಿದವುಗಳ ಗುಣಲಬ್ಧದಿಂದ ಭಾಗಿಸಿ: (2/3 × 2/3) ÷ (1/3 × 1/3) = 4. ಈ 4 ಎಂಬುದೇ ಸಮತೋಲನ ಸ್ಥಿರಾಂಕ. ಇನ್ನು ಆಮ್ಲ ಒಂದು ಮೋಲ್ ಇದ್ದು ಆಲ್ಕೋಹಾಲ್ ಎರಡು ಮೋಲ್ ಹಾಕಿದರೆ? ಹುಟ್ಟುವ ಎಸ್ಟರನ್ನು ‘ಕ್ಷ’ ಎನ್ನಿ. ನೀರೂ ‘ಕ್ಷ’. ಉಳಿಯುವ ಆಮ್ಲ 1 – ಕ್ಷ, ಆಲ್ಕೋಹಾಲ್ 2 – ಕ್ಷ. ಸ್ಥಿರಾಂಕ ಬದಲಾಗುವುದಿಲ್ಲ, ಅದು 4 ಆಗಿಯೇ ಉಳಿಯಬೇಕು. ಹೈಸ್ಕೂಲಿನ ವರ್ಗ ಸಮೀಕರಣ ಬಿಡಿಸಿದರೆ ‘ಕ್ಷ’ ಸುಮಾರು 0.845 ಬರುತ್ತದೆ. ತಾಳೆ ನೋಡಿ: 0.845 × 0.845 ಎಂದರೆ 0.714, 0.155 × 1.155 ಎಂದರೆ 0.179, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಮತ್ತೆ 4ರ ಹತ್ತಿರ. ಅಂದರೆ ನೂರಕ್ಕೆ 67ರಷ್ಟು ಸಿಗುತ್ತಿದ್ದ ಎಸ್ಟರ್ ಈಗ ನೂರಕ್ಕೆ 85ರ ಸಮೀಪ. ಬರ್ತಲೊ ಕೊಳವೆಗಳನ್ನು ಕಾಯಿಸಿ ಅಳೆದಿದ್ದ ಅಂಕಿಯೂ ಇದರ ಹತ್ತಿರವೇ ಇದೆ. ಕೊಳವೆ ಕಾಯಿಸದೆ, ಕಾಗದ ಪೆನ್ಸಿಲಿನಲ್ಲೇ ಫಲ ಹೇಳಬಹುದಾಯಿತು. ಬರ್ತೊಲೆ ಕೆರೆಯ ದಂಡೆಯಲ್ಲಿ ಕಂಡದ್ದು ಕೂಡ ಇದೇ: ಒಂದು ವಸ್ತುವನ್ನು ಹೆಚ್ಚು ಸುರಿದರೆ ಕ್ರಿಯೆ ಇನ್ನೊಂದು ಕಡೆಗೆ ವಾಲುತ್ತದೆ. ಎಷ್ಟು ವಾಲುತ್ತದೆ ಎಂಬುದೇ ಅವನಿಗೆ ಸಿಕ್ಕಿರಲಿಲ್ಲ.

ಇಷ್ಟು ದೊಡ್ಡ ಸಂಗತಿಗೆ ಯೂರೋಪು ಏನು ಮಾಡಿತು? ಏನೂ ಇಲ್ಲ. ಪ್ರಬಂಧ ನಾರ್ವೇಜಿಯನ್ ಭಾಷೆಯಲ್ಲಿತ್ತು, ನಾರ್ವೆಯ ಹೊರಗೆ ಓದುವವರಿರಲಿಲ್ಲ. 1867ರಲ್ಲಿ ಫ್ರೆಂಚ್‌ನಲ್ಲಿ ಬರೆದರು. ಅದನ್ನೂ ಹೆಚ್ಚು ಮಂದಿ ಗಮನಿಸಲಿಲ್ಲ. ಹತ್ತು ವರ್ಷ ಕಳೆದು 1877ರಲ್ಲಿ ಡಚ್ ವಿಜ್ಞಾನಿ ವಾಂಟ್ ಹಾಫ್, ಇವರ ಕೆಲಸದ ಸುಳಿವಿಲ್ಲದೆಯೇ ಅದೇ ನಿಯಮಕ್ಕೆ ತಾನಾಗಿ ಬಂದು ತಲುಪಿದ. ಆಗ ನಾರ್ವೆಯ ನೆಂಟರಿಬ್ಬರೂ ಎಚ್ಚೆತ್ತು 1879ರಲ್ಲಿ ಜರ್ಮನ್ ಭಾಷೆಯಲ್ಲಿ ಮೂರನೆಯ ಸಲ ಬರೆದರು. ಅಂದಿನ ರಸಾಯನ ವಿಜ್ಞಾನದ ಬಜಾರಿನಲ್ಲಿ ಚಲಾವಣೆಯಲ್ಲಿದ್ದ ನಾಣ್ಯ ಜರ್ಮನ್. ಈ ಸಲ ಜನ ಓದಿದರು. ಸಣ್ಣ ಭಾಷೆಯಲ್ಲಿ ಬರೆಯುವವರ ಪಾಡು ಕನ್ನಡದ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ವಾಂಟ್ ಹಾಫ್ ದೊಡ್ಡ ಮನಸ್ಸಿನವನು. ನಿಯಮದ ಹಿರಿಮೆ ನಾರ್ವೆಯವರಿಗೇ ಸೇರಬೇಕೆಂದು ಆಮೇಲೆ ಒಪ್ಪಿಕೊಂಡ.

ಇಲ್ಲೊಂದು ತಮಾಷೆಯಿದೆ. ಗುಲ್ಡ್‌ಬರ್ಗ್ ಮತ್ತು ವಾಗೆ ಉತ್ತರ ಸರಿಯಾಗಿ ಕೊಟ್ಟರು, ಆದರೆ ಅವರು ನಡೆದ ದಾರಿ ಪೂರ್ತಿ ಸರಿಯಲ್ಲ. ಕ್ರಿಯೆಯ ವೇಗ ಯಾವಾಗಲೂ ಅವರು ಭಾವಿಸಿದಂತೆ ಸಾರತೆಗಳ ನೇರ ಗುಣಲಬ್ಧವಾಗಿರುವುದಿಲ್ಲ. ಎಷ್ಟೋ ಕ್ರಿಯೆಗಳು ಹಲವು ಮೆಟ್ಟಿಲುಗಳಲ್ಲಿ ನಡೆಯುತ್ತವೆ, ವೇಗದ ಸೂತ್ರ ಆ ಮೆಟ್ಟಿಲುಗಳನ್ನು ನಂಬಿಕೊಂಡಿರುತ್ತದೆ. ಆದರೆ ಸಮತೋಲದ ಸ್ಥಿರಾಂಕಕ್ಕೆ ಮೆಟ್ಟಿಲುಗಳ ಹಂಗಿಲ್ಲ, ಹೊರಟ ಜಾಗ ಮತ್ತು ತಲುಪಿದ ಜಾಗ ಎರಡೇ ಸಾಕು. ಉಷ್ಣಗತಿ ವಿಜ್ಞಾನದ ಬಲದಿಂದ ಈ ಮಾತನ್ನು ಗಟ್ಟಿ ಮಾಡಿದವರಲ್ಲಿ ಅಮೆರಿಕದ ಗಿಬ್ಸ್ ಮತ್ತು ವಾಂಟ್ ಹಾಫ್ ಪ್ರಮುಖರು. ತಾಪ ಬದಲಾದರೆ ಸ್ಥಿರಾಂಕವೂ ಬದಲಾಗುತ್ತದೆ, ಎಷ್ಟು ಬದಲಾಗುತ್ತದೆ ಎಂದು ಲೆಕ್ಕ ಹಾಕುವ ಸೂತ್ರವನ್ನು ವಾಂಟ್ ಹಾಫ್ 1884ರ ತನ್ನ ಗ್ರಂಥದಲ್ಲಿ ಕೊಟ್ಟ. ಪರಾವರ್ತ ಕ್ರಿಯೆಗೆ ಎದುರುಬದುರು ಎರಡು ಬಾಣ ಹಾಕುವ ರೂಢಿಯೂ ಆ ಗ್ರಂಥದಿಂದಲೇ ಬಂದದ್ದು. ಇಂದು ಪಠ್ಯಪುಸ್ತಕಗಳಲ್ಲಿ ಕಾಣುವ ಅರ್ಧ ಮೊನೆಯ ಬಾಣಗಳು 1902ರಲ್ಲಿ ಹ್ಯೂ ಮಾರ್ಷಲ್ ಎಂಬಾತ ಸೂಚಿಸಿದವು. 1901ರಲ್ಲಿ ರಸಾಯನ ವಿಜ್ಞಾನದ ಮೊಟ್ಟಮೊದಲ ನೊಬೆಲ್ ಬಹುಮಾನ ವಾಂಟ್ ಹಾಫ್‌ನಿಗೆ ಸಂದಿತು. ವಾಗೆ ಹಿಂದಿನ ವರ್ಷವೇ ತೀರಿಕೊಂಡಿದ್ದ. ಮೀನನ್ನು ಒಣಗಿಸಿ ಪೌಷ್ಟಿಕ ಹಿಟ್ಟು ಮಾಡುವ ಕೆಲಸದಲ್ಲಿ ಅವನು ಕೊನೆಯ ವರ್ಷಗಳಲ್ಲಿ ತೊಡಗಿದ್ದ. ಗುಲ್ಡ್‌ಬರ್ಗ್ 1902ರಲ್ಲಿ ತೀರಿಕೊಂಡ.

ವಿನೆಗರ್ ಒಪ್ಪಿತು, ಉಪ್ಪು ಒಪ್ಪಲಿಲ್ಲ

ನೀರಿನಲ್ಲಿ ಕರಗಿದ ಆಮ್ಲ, ಲವಣಗಳು ವಿದ್ಯುದಾವೇಶವುಳ್ಳ ಅಯಾನುಗಳಾಗಿ ಒಡೆಯುತ್ತವೆ ಎಂದು ಸ್ವೀಡನ್ನಿನ ಅರೀನಿಯಸ್ ವಾದಿಸಿದ. 1884ರಲ್ಲಿ ಉಪ್ಸಾಲಾ ವಿಶ್ವವಿದ್ಯಾಲಯಕ್ಕೆ ಅವನು ಒಪ್ಪಿಸಿದ ಪ್ರೌಢ ಪ್ರಬಂಧಕ್ಕೆ ಬಿದ್ದದ್ದು ಕೆಳದರ್ಜೆ. ಆದರೆ ರೀಗಾದಲ್ಲಿದ್ದ ಓಸ್ಟ್‌ವಾಲ್ಡ್ ಅದನ್ನು ಓದಿ, ಅರೀನಿಯಸ್‌ನನ್ನು ಕಾಣಲು ತಾನೇ ಉಪ್ಸಾಲಾಕ್ಕೆ ಹೋದ. ಮುಂದೆ ಇಬ್ಬರಿಗೂ ನೊಬೆಲ್ ಬಂತು.

ಒಡೆಯುವುದೂ ಒಂದು ಪರಾವರ್ತ ಕ್ರಿಯೆಯಾದರೆ ಅದಕ್ಕೂ ಸ್ಥಿರಾಂಕ ಇರಬೇಕಲ್ಲ? 1888ರಲ್ಲಿ ಓಸ್ಟ್‌ವಾಲ್ಡ್ ಈ ಲೆಕ್ಕ ಮಾಡಿದ. ದ್ರಾವಣದಲ್ಲಿ ವಿದ್ಯುತ್ ಎಷ್ಟು ಸರಾಗವಾಗಿ ಹರಿಯುತ್ತದೆ ಎಂದು ಅಳೆದರೆ ಎಷ್ಟು ಪಾಲು ಒಡೆದಿದೆ ಎಂದು ತಿಳಿಯುತ್ತದೆ. ಲೀಟರಿಗೆ 0.1 ಮೋಲ್ ಅಸಿಟಿಕ್ ಆಮ್ಲವಿದ್ದರೆ ಸಾವಿರ ಅಣುಗಳಲ್ಲಿ ಒಡೆಯುವುದು 13 ಮಾತ್ರ. ಹತ್ತು ಪಟ್ಟು ನೀರು ಬೆರೆಸಿ 0.01 ಮೋಲ್‌ಗೆ ಇಳಿಸಿದರೆ ಸಾವಿರಕ್ಕೆ 42ರಷ್ಟು ಒಡೆಯುತ್ತವೆ. ಒಡೆದ ಪಾಲಿನ ವರ್ಗವನ್ನು ಸಾರತೆಯಿಂದ ಗುಣಿಸಿ, ಒಡೆಯದ ಪಾಲಿನಿಂದ ಭಾಗಿಸಿದರೆ ಎರಡೂ ಸಲ ಬರುವುದು ಹೆಚ್ಚುಕಡಿಮೆ 0.000018. ನೀರು ಎಷ್ಟು ಬೆರೆಸಿದರೂ ಅಂಕಿ ಕದಲುವುದಿಲ್ಲ. ಇದೇ ರೀತಿ ಹಲವು ಬಗೆಯ ದುರ್ಬಲ ಆಮ್ಲಗಳನ್ನು ಪರೀಕ್ಷಿಸಿ ಓಸ್ಟ್‌ವಾಲ್ಡ್ ಗೆದ್ದ.

ಸೋತದ್ದು ಪ್ರಬಲ ಆಮ್ಲಗಳ ಮುಂದೆ, ಲವಣಗಳ ಮುಂದೆ. ಪೊಟ್ಯಾಸಿಯಂ ಕ್ಲೋರೈಡನ್ನು ಅದೇ ರೀತಿ ಅಳೆದರೆ 0.1 ಮೋಲ್ ದ್ರಾವಣಕ್ಕೆ ಸ್ಥಿರಾಂಕ 0.5ರ ಆಸುಪಾಸು ಬರುತ್ತದೆ, 0.01 ಮೋಲ್‌ಗೆ 0.15ರ ಆಸುಪಾಸು. ಮೂರು ಪಟ್ಟು ವ್ಯತ್ಯಾಸವಿರುವ ಅಂಕಿಗೆ ಸ್ಥಿರಾಂಕ ಎನ್ನಲು ಬಾಯಿ ಬರುವುದೇ? ಈ ಕಗ್ಗಂಟು ಮೂವತ್ತು ವರ್ಷ ಯೂರೋಪನ್ನು ಕಾಡಿತು.

1918ರಲ್ಲಿ ಲಂಡನ್ನಿನ ಕೆಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಕಲ್ಕತ್ತೆಯಿಂದ ಬಂದ ಪ್ರಬಂಧವೊಂದು ಅಚ್ಚಾಯಿತು. ಬರೆದವರು ಪ್ರಫುಲ್ಲಚಂದ್ರ ರಾಯ್ ಅವರ ಶಿಷ್ಯ, 24ರ ತರುಣ ಜ್ಞಾನಚಂದ್ರ ಘೋಷ್. ಸತ್ಯೇಂದ್ರನಾಥ ಬೋಸ್, ಮೇಘನಾದ ಸಹಾ ಅವರ ಸಹಪಾಠಿ. ಘೋಷರ ವಾದ ಹೀಗಿತ್ತು: ಲವಣಗಳು ನೀರಿನಲ್ಲಿ ಅರೆಬರೆ ಒಡೆಯುವುದಿಲ್ಲ, ಪೂರ್ತಿ ಒಡೆಯುತ್ತವೆ. ಹಾಗಾಗಿ ಅಲ್ಲಿ ಸಮತೋಲವನ್ನು ಹುಡುಕುವುದೇ ತಪ್ಪು. ಆದರೆ ಒಡೆದ ಅಯಾನುಗಳು ವಿದ್ಯುತ್ ಬಲದಿಂದ ಒಂದನ್ನೊಂದು ಸೆಳೆಯುತ್ತಾ, ಹರಳಿನಲ್ಲಿದ್ದಂತೆ ದ್ರಾವಣದಲ್ಲೂ ಒಂದು ಬಗೆಯ ಕ್ರಮದಲ್ಲಿ ನಿಲ್ಲುತ್ತವೆ. ಸರಾಗವಾಗಿ ಓಡಲು ಅವಕ್ಕೆ ಆಗದಿರುವುದು ಇದರಿಂದ.

ಪೂರ್ತಿ ಒಡೆಯುತ್ತವೆ ಎಂಬ ಮಾತನ್ನು ಇತರರೂ ಆಡಿದ್ದರು. ಅದನ್ನು ಲೆಕ್ಕಕ್ಕೆ ಇಳಿಸುವ ಘೋಷರ ಧೈರ್ಯ ಎಲ್ಲರ ಗಮನ ಸೆಳೆಯಿತು. ಹರಳಿನ ಕ್ರಮದ ಕಲ್ಪನೆ ಮಾತ್ರ ನಿಲ್ಲಲಿಲ್ಲ. 1923ರಲ್ಲಿ ಡಿಬೈ ಮತ್ತು ಹ್ಯೂಕೆಲ್, ಪ್ರತಿ ಅಯಾನಿನ ಸುತ್ತಲೂ ವಿರುದ್ಧ ಆವೇಶದ ಅಯಾನುಗಳ ಮಸುಕು ಮೋಡವಿರುತ್ತದೆ ಎಂಬ ಸಿದ್ಧಾಂತ ತಂದರು. ಅದೇ ಉಳಿಯಿತು. ಅಮೆರಿಕದ ಲೂಯಿಸ್ 1907ರಲ್ಲೇ ಸಾರತೆಯ ಬದಲು ‘ಸಕ್ರಿಯತೆ’ ಎಂಬ ತಿದ್ದಿದ ಅಂಕಿಯನ್ನು ಬಳಸಬೇಕು ಎಂದಿದ್ದ. ಆ ತಿದ್ದುಪಡಿ ಎಷ್ಟು ಎಂದು ಸಾರ ಕಡಿಮೆಯಿರುವ ದ್ರಾವಣಗಳಲ್ಲಿ ಹೇಳಲು ಡಿಬೈ–ಹ್ಯೂಕೆಲ್ ಸೂತ್ರದಿಂದ ಸಾಧ್ಯವಾಯಿತು. ಪಠ್ಯಪುಸ್ತಕಗಳಲ್ಲಿ ಘೋಷರ ಹೆಸರು ಇಂದು ಕಾಣುವುದು ಅಪರೂಪ. ಆದರೆ ಕರ್ನಾಟಕಕ್ಕೆ ಅವರು ಅಪರಿಚಿತರಲ್ಲ. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ, ನಮ್ಮ ಜನರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್‌ನ, ನಿರ್ದೇಶಕರಾಗಿ ಬಂದವರು ಅವರೇ. ಅಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ 1942ರಲ್ಲಿ ಶುರುವಾದದ್ದು ಅವರ ಕಾಲದಲ್ಲಿ. ಮುಂದೆ ಖರಗ್‌ಪುರದ ಐಐಟಿಯ ಮೊದಲ ನಿರ್ದೇಶಕರೂ ಆದರು.

ರಕ್ತದಲ್ಲಿ ಇಪ್ಪತ್ತಕ್ಕೆ ಒಂದು

ಇಷ್ಟೆಲ್ಲ ಲೆಕ್ಕದಿಂದ ಯಾರಿಗೇನು ಲಾಭ ಎಂದು ಕೇಳಬಹುದು. ಅಮೋನಿಯಾ ಗೊಬ್ಬರದಿಂದ ಹಿಡಿದು ಎಷ್ಟೋ ಕಾರ್ಖಾನೆಗಳು ಇದರ ಮೇಲೆ ನಿಂತಿವೆ, ಅದು ಗೊತ್ತಿರುವ ಸಂಗತಿ. ಅದಕ್ಕಿಂತ ನಮಗೆ ಹತ್ತಿರದ್ದು ನಮ್ಮ ಮೈಯೊಳಗಿನ ರಕ್ತ.

ಉಸಿರಾಟದಲ್ಲಿ ಹೊರಗೆ ಹೋಗಬೇಕಾದ ಇಂಗಾಲದ ಡೈಆಕ್ಸೈಡ್ ರಕ್ತದಲ್ಲಿ ಕರಗಿ ದುರ್ಬಲ ಆಮ್ಲವಾಗುತ್ತದೆ. ಆ ಆಮ್ಲ ಒಡೆದು ಬೈಕಾರ್ಬೊನೇಟ್ ಆಗುತ್ತದೆ; ಅಡುಗೆ ಸೋಡಾದಲ್ಲಿರುವುದೂ ಅದೇ. ಇದೊಂದು ಪರಾವರ್ತ ಕ್ರಿಯೆ. 1908ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಹೆಂಡರ್‌ಸನ್ ಇದಕ್ಕೆ ಗುಲ್ಡ್‌ಬರ್ಗ್–ವಾಗೆ ನಿಯಮ ಅನ್ವಯಿಸಿದ. ರಕ್ತದ ಆಮ್ಲೀಯತೆ ಈ ಎರಡರಲ್ಲಿ ಯಾವುದೊಂದರ ಪ್ರಮಾಣದಿಂದಲೂ ತೀರ್ಮಾನವಾಗುವುದಿಲ್ಲ, ಎರಡರ ಅನುಪಾತದಿಂದ ಆಗುತ್ತದೆ ಎಂಬುದು ಅವನ ಸೂತ್ರದ ಸಾರ. 1909ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯ ಸೋರೆನ್‌ಸನ್ ಆಮ್ಲೀಯತೆ ಅಳೆಯಲು ಪಿಎಚ್ ಎಂಬ ಮಾಪಕ ಕೊಟ್ಟ. ಅದೇ ಊರಿನ ಹ್ಯಾಸೆಲ್‌ಬಾಕ್ ಹೆಂಡರ್‌ಸನ್ನನ ಸೂತ್ರವನ್ನು ಪಿಎಚ್ ಭಾಷೆಗೆ ಇಳಿಸಿದ. ಆರೋಗ್ಯವಂತರ ರಕ್ತದಲ್ಲಿ ಲೀಟರಿಗೆ ಬೈಕಾರ್ಬೊನೇಟ್ 24 ಮಿಲಿಮೋಲ್, ಕರಗಿದ ಡೈಆಕ್ಸೈಡ್ 1.2. ಅಂದರೆ 20ಕ್ಕೆ 1. ಆಗ ಪಿಎಚ್ 7.4. ಅನುಪಾತ 20ಕ್ಕಿಂತ ಏರಿದರೆ ರಕ್ತ ಕ್ಷಾರದ ಕಡೆಗೆ, ಇಳಿದರೆ ಆಮ್ಲದ ಕಡೆಗೆ.

1952ರ ಬೇಸಿಗೆಯಲ್ಲಿ ಕೋಪನ್‌ಹೇಗನ್ನಿಗೆ ಪೋಲಿಯೊ ಬಂತು. ಉಸಿರಾಟದ ಸ್ನಾಯುಗಳೇ ಸೋತ ರೋಗಿಗಳು ಬ್ಲೆಗ್‌ಡಮ್ ಆಸ್ಪತ್ರೆಗೆ ಸಾಲಾಗಿ ಬರತೊಡಗಿದರು. ಅಲ್ಲಿದ್ದದ್ದು ಒಂದು ಕಬ್ಬಿಣದ ಶ್ವಾಸಯಂತ್ರ ಮತ್ತು ಎದೆಗೆ ಕಟ್ಟುವ ಆರು ಸಣ್ಣ ಯಂತ್ರಗಳು. ಮೊದಲ ವಾರಗಳಲ್ಲಿ ಯಂತ್ರಕ್ಕೆ ಹಾಕಿದ 31 ರೋಗಿಗಳಲ್ಲಿ 27 ಮಂದಿ ಸತ್ತರು. ಸಾಯುವ ಮುಂಚೆ ಅವರ ರಕ್ತದಲ್ಲಿ ಬೈಕಾರ್ಬೊನೇಟ್ ರೂಪದ ಇಂಗಾಲದ ಡೈಆಕ್ಸೈಡ್ ಒಟ್ಟು ಪ್ರಮಾಣ ಬಹಳ ಏರಿರುತ್ತಿತ್ತು. ಅದನ್ನು ಕಂಡ ವೈದ್ಯರು ರಕ್ತ ಕ್ಷಾರವಾಗಿದೆ, ಏಕೆಂದು ತಿಳಿಯುತ್ತಿಲ್ಲ ಎಂದುಕೊಂಡರು.

ಆಸ್ಪತ್ರೆಯ ಮುಖ್ಯಸ್ಥ ಲಾಸೆನ್ ಸಲಹೆಗೆಂದು ಕರೆಸಿದ ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸನ್ ಇದನ್ನು ಒಪ್ಪಲಿಲ್ಲ. ಅಂಕಿಗಳಲ್ಲಿ ನೋಡಿದರೆ ಅವನ ತಕರಾರು ಸುಲಭವಾಗಿ ಅರ್ಥವಾಗುತ್ತದೆ. ಬೈಕಾರ್ಬೊನೇಟ್ 24ರಿಂದ 36ಕ್ಕೆ ಏರಿದೆ ಎನ್ನಿ. ಕರಗಿದ ಡೈಆಕ್ಸೈಡ್ 1.2ರಲ್ಲೇ ಇದ್ದರೆ ಅನುಪಾತ 30, ಪಿಎಚ್ ಸುಮಾರು 7.6. ರಕ್ತ ಕ್ಷಾರ. ಆದರೆ ಉಸಿರು ಸಾಲದೆ ಡೈಆಕ್ಸೈಡ್ ಒಳಗೇ ಉಳಿದು 3.6ಕ್ಕೆ ಏರಿದ್ದರೆ ಅನುಪಾತ 10, ಪಿಎಚ್ 7.1. ರಕ್ತ ಪ್ರಾಣಾಂತಕವಾಗುವಷ್ಟು ಆಮ್ಲ. ಎರಡರಲ್ಲೂ ಬೈಕಾರ್ಬೊನೇಟ್ 36. ಎರಡರಲ್ಲೂ ಒಟ್ಟು ಲೆಕ್ಕ 40ರ ಒಳಗೆ. ಒಂದೇ ಅಂಕಿ, ಎರಡು ಬೇರೆ ರೋಗ. ಯಾವುದೆಂದು ತಿಳಿಯಲು ಪಿಎಚ್ ಅಳೆದು ಸೂತ್ರಕ್ಕೆ ಹಾಕಬೇಕು. ಪ್ರಯೋಗಶಾಲೆಯ ಪೋಲ್ ಆಸ್ಟ್ರಪ್ ಪಿಎಚ್ ಅಳೆದ. ರಕ್ತ ಕ್ಷಾರವಾಗಿರಲಿಲ್ಲ, ಆಮ್ಲವಾಗಿತ್ತು. ರೋಗಿಗಳು ಯಂತ್ರದೊಳಗಿದ್ದೇ ಉಸಿರು ಸಾಲದೆ ಸಾಯುತ್ತಿದ್ದರು.

ಆಗಸ್ಟ್ 27ರಂದು ಹನ್ನೆರಡು ವರ್ಷದ ಒಬ್ಬ ಹುಡುಗಿಯ ಗಂಟಲಲ್ಲಿ ರಂಧ್ರ ಮಾಡಿ, ನಳಿಕೆ ಇಟ್ಟು, ರಬ್ಬರ್ ಚೀಲವನ್ನು ಕೈಯಿಂದ ಹಿಸುಕಿ ಇಬ್ಸನ್ ಉಸಿರು ತುಂಬಿದ. ಹುಡುಗಿ ಉಳಿದಳು. ಅಷ್ಟೊಂದು ರೋಗಿಗಳಿಗೆ ಯಂತ್ರ ಎಲ್ಲಿಂದ ತರುವುದು? ಸುಮಾರು 1,500 ವೈದ್ಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಹಗಲೂ ರಾತ್ರಿ ಕುಳಿತು ಚೀಲ ಹಿಸುಕಿದರು. ನೂರಕ್ಕೆ 87 ಇದ್ದ ಸಾವಿನ ಪ್ರಮಾಣ ಮುಂದಿನ ತಿಂಗಳುಗಳಲ್ಲಿ ಅರ್ಧಕ್ಕೂ ಕೆಳಗೆ ಇಳಿಯಿತು. ಮರುವರ್ಷ ಇಬ್ಸನ್ ಅದೇ ಊರಿನ ಇನ್ನೊಂದು ಆಸ್ಪತ್ರೆಯಲ್ಲಿ ಇಂಥ ರೋಗಿಗಳಿಗೆಂದೇ ಪ್ರತ್ಯೇಕ ವಾರ್ಡ್ ತೆರೆದ. ನಾವು ಐಸಿಯು ಎನ್ನುವುದರ ಮೊದಲ ಮಾದರಿಗಳಲ್ಲಿ ಅದೂ ಒಂದು.

ಕಳೆದ ವರ್ಷ ನನ್ನ ಅಜ್ಜಿ ಉಬ್ಬಸ ಜೋರಾಗಿ ಐಸಿಯುನಲ್ಲಿದ್ದರು. ಹೊರಗೆ ಬೆಂಚಿನ ಮೇಲೆ ಕುಳಿತಿದ್ದಾಗ ನರ್ಸ್ ತಂದ ರಕ್ತ ಪರೀಕ್ಷೆಯ ಚೀಟಿ ಕಣ್ಣಿಗೆ ಬಿತ್ತು. ಪಿಎಚ್ ಒಂದು ಸಾಲು, ಡೈಆಕ್ಸೈಡ್ ಒಂದು ಸಾಲು, ಕೆಳಗೆ ಬೈಕಾರ್ಬೊನೇಟ್. ಮೂರನ್ನೂ ಯಂತ್ರ ಅಳೆಯುತ್ತದೆ ಎಂದುಕೊಂಡಿದ್ದೆ. ಅಲ್ಲವಂತೆ. ಡ್ಯೂಟಿಯಲ್ಲಿದ್ದ ಡಾಕ್ಟರು ಹೇಳಿದರು: ‘ಮೇಲಿನ ಎರಡನ್ನು ಮಾತ್ರ ಅಳೆಯುವುದು. ಮೂರನೆಯದನ್ನು ಯಂತ್ರ ಒಳಗೇ ಲೆಕ್ಕ ಹಾಕಿ ಹೇಳುತ್ತದೆ, ಹೆಂಡರ್‌ಸನ್ ಸೂತ್ರದಿಂದ.’